ಆಪರೇಟರ್ ಹದಿನೇಳು

ನಾಗಪುರದ ಬಜಾಜ್ ನಗರದ ಕನ್ನಡದ ಮನೆಗಳಲ್ಲಿ ಚಾರುಲತಾಳ ಹೆಸರು ಬಂದರೆ ಇವತ್ತಿಗೂ ಒಂದೇ ಮಾತು: ಪರ್ಮನೆಂಟ್ ಆದ ಕೆಲಸವನ್ನು ಕೈಯಾರೆ ಬಿಟ್ಟ ಹುಡುಗಿ. ಅರಿಸಿನ ಕುಂಕುಮಕ್ಕೆ ಸೇರಿದ ಹೆಂಗಸರು ಇದನ್ನು ದನಿ ಇಳಿಸಿ ಹೇಳುತ್ತಾರೆ, ಯಾರದೋ ಮದುವೆ ಮುರಿದ ಸುದ್ದಿ ಹೇಳುವವರ ಹಾಗೆ. ಯಾಕೆ ಬಿಟ್ಟಳು ಎಂದು ಮಾತ್ರ ಒಬ್ಬರೂ ನೆಟ್ಟಗೆ ಕೇಳಿಲ್ಲ. ತಲೆ ಕೆಟ್ಟಿತ್ತಂತೆ ಎಂದರೆ ಮುಗಿಯಿತು, ಮುಂದಿನ ಮನೆಯ ಸುದ್ದಿಗೆ ಹೋಗಬಹುದು.

ತಲೆ ಕೆಟ್ಟದ್ದು ನಿಜ. ಆದರೆ ಅದು ಕೆಲಸ ಬಿಟ್ಟಿದ್ದರಿಂದ ಕೆಟ್ಟದ್ದಲ್ಲ, ಸಿಕ್ಕಿದ್ದರಿಂದ ಕೆಟ್ಟದ್ದು. ಇದನ್ನು ಹೇಳಿದರೆ ನಮ್ಮ ಜನ ನಂಬುವುದಿಲ್ಲ. ಕೆಲಸ ಇಲ್ಲದವರಿಗೆ ಮಾತ್ರ ಮನಸ್ಸು ಎಂಬುದೊಂದು ಇರುತ್ತದೆ, ಕೆಲಸ ಸಿಕ್ಕ ದಿನ ಅದು ತಾನಾಗಿ ರಿಪೇರಿಯಾಗುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ.

ಅವಳ ಅಪ್ಪ ಬಿಂದುಮಾಧವ ಮೂಲತಃ ಬಾಗಲಕೋಟೆ ಕಡೆಯವರು. ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ದುಡಿದು ನಾಗಪುರದಲ್ಲೇ ನಿವೃತ್ತರಾದವರು. ಅವ್ವ ಪ್ರಭಾ. ಚಾರು ಒಬ್ಬಳೇ ಮಗಳು. ೧೯೯೪ರಲ್ಲಿ ಎಂ.ಎ. ಮುಗಿಸಿದ ಮೇಲೆ ಎರಡೂವರೆ ವರ್ಷ ಕೆಲಸ ಹುಡುಕಿದಳು. ಉದ್ಯೋಗ ವಿನಿಮಯ ಕಚೇರಿಯ ಕಾರ್ಡು ಮಡಿಕೆ ಮಡಿಕೆಯಲ್ಲಿ ಹರಿದು ಹೋಯಿತು. ಸೆಕೆಂಡ್‌ಹ್ಯಾಂಡ್ ಲೂನಾ ಹತ್ತಿ, ಮುಖಕ್ಕೆ ಓಢಣಿ ಸುತ್ತಿಕೊಂಡು, ಮಹಾಲ್‌ನ ಗಲ್ಲಿಗಳಲ್ಲಿ ವಿಳಾಸ ಹುಡುಕಿದ್ದೇ ಹುಡುಕಿದ್ದು. ಒಂದು ಹಳೆಯ ವಾಡೆಯ ಮಹಡಿಯಲ್ಲಿ ಸೀರೆ ವ್ಯಾಪಾರಿಯೊಬ್ಬ ಅವಳ ಸರ್ಟಿಫಿಕೇಟುಗಳನ್ನು ಒಂದೊಂದಾಗಿ ನೋಡಿ, ಇಷ್ಟು ಓದಿದವರು ನಮ್ಮ ಅಂಗಡಿಯಲ್ಲಿ ನಿಲ್ಲುವುದಿಲ್ಲ ತಾಯಿ ಎಂದು ಚಹ ಕುಡಿಸಿ ಕಳಿಸಿದ್ದ. ಮನೆಗೆ ಬಂದು ಅದನ್ನು ನಟಿಸಿ ತೋರಿಸಿ ಅವ್ವನನ್ನು ನಗಿಸಿದ್ದಳು.

ಬೇಸರ ಇರಲಿಲ್ಲವೆಂದಲ್ಲ. ಅಪ್ಪನ ಗೆಳೆಯರು "ಏನು ನಡದದವಾ ಈಗ?" ಎಂದು ಕೇಳಿದಾಗ ಒಳಗೆ ಹೋಗಿ ಸುಮ್ಮನೆ ಪಾತ್ರೆ ಜೋಡಿಸುತ್ತಿದ್ದಳು. ಅತ್ತದ್ದೂ ಉಂಟು. ಆದರೆ ಅತ್ತ ಮೇಲೆ ಹಸಿವಾಗುತ್ತಿತ್ತು, ಉಂಡ ಮೇಲೆ ನಿದ್ದೆ ಬರುತ್ತಿತ್ತು. ಆ ಎರಡೂವರೆ ವರ್ಷದಲ್ಲಿ ಅವಳು ಒಂದು ದಿನವೂ ತನಗೆ ತಾನೇ ಹೆದರಿರಲಿಲ್ಲ.

೧೯೯೭ರ ಫೆಬ್ರವರಿಯಲ್ಲಿ ಕೆಲಸ ಸಿಕ್ಕಿತು. ಆಗ ಊರಿಗೆಲ್ಲ ಪೇಜರಿನ ಹುಚ್ಚು. ಡಾಕ್ಟರು, ಕಂತ್ರಾಟದಾರ, ಸೇಲ್ಸಿನವ, ಎಲ್ಲರ ಸೊಂಟದಲ್ಲೂ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ. ಯಾರಿಗಾದರೂ ಸುದ್ದಿ ಮುಟ್ಟಿಸಬೇಕಾದರೆ ಕಂಪನಿಗೆ ಫೋನು ಮಾಡಿ ಪೇಜರ್ ನಂಬರು ಹೇಳಬೇಕು, ಸುದ್ದಿ ಹೇಳಬೇಕು. ಅಲ್ಲಿ ಕುಳಿತ ಹುಡುಗಿ ಅದನ್ನು ಟೈಪು ಮಾಡುತ್ತಾಳೆ. ಮರುಗಳಿಗೆ ಆ ಡಬ್ಬಿ ಕಿಂವ್ ಕಿಂವ್ ಎಂದು ಕೂಗಿ ಅಕ್ಷರ ತೋರಿಸುತ್ತದೆ. ಹಾಗೆ ಟೈಪು ಮಾಡುವ ಇಪ್ಪತ್ತು ಹುಡುಗಿಯರಲ್ಲಿ ಚಾರುಲತಾ ಒಬ್ಬಳಾದಳು. ಅಪ್ಪ ಪೇಢೆ ಹಂಚಿದರು.

ಸೀತಾಬರ್ಡಿಯ ಒಂದು ಕಟ್ಟಡದ ಮೂರನೆಯ ಮಹಡಿ. ಪ್ಲೈವುಡ್ಡಿನ ಗೂಡುಗಳು, ಕಿವಿಗೆ ಹೆಡ್‌ಫೋನು, ಎದುರಿಗೆ ಕಂಪ್ಯೂಟರು. ಒಳಗೆ ಕಾಲಿಟ್ಟರೆ ಹೆಸರಿಲ್ಲ, ನಂಬರು. ಅವಳು ಹದಿನೇಳು. ಒಂದು ಕರೆಗೆ ನಲವತ್ತು ಸೆಕೆಂಡು. ಹೇಳಬೇಕಾದ ವಾಕ್ಯಗಳನ್ನು ಅಚ್ಚು ಹಾಕಿಸಿ ಎದುರಿಗೆ ಅಂಟಿಸಿದ್ದರು, ಅದರಾಚೆ ಒಂದು ಶಬ್ದ ಆಡುವಂತಿಲ್ಲ. ಹಿಂದಿ, ಮರಾಠಿ, ಇಂಗ್ಲಿಷು ಈ ಮೂರರಲ್ಲಿ ಹೇಳಿದ ಸುದ್ದಿಯನ್ನು ಮಾತ್ರ ತೆಗೆದುಕೊಳ್ಳಬೇಕು. ಬೇರೆ ಭಾಷೆ ತಿಳಿದರೂ ಅನುವಾದ ಮಾಡಿ ಕಳಿಸಬಾರದು. ಹಿಂದೆ ಯಾವಳೋ ಗುಜರಾತಿಯಿಂದ ಅನುವಾದ ಮಾಡಿ ಯಾರಿಗೋ ನಷ್ಟವಾಗಿ, ಅವನು ನೋಟೀಸು ಕೊಟ್ಟಿದ್ದನಂತೆ. ಬಚ್ಚಲಿಗೆ ಹೋಗಬೇಕಾದರೆ ಮೊಳೆಗೆ ನೇತುಹಾಕಿದ ಮರದ ಬಿಲ್ಲೆ ತೆಗೆದುಕೊಂಡು ಹೋಗಬೇಕು. ಇಪ್ಪತ್ತು ಜನಕ್ಕೆ ಒಂದೇ ಬಿಲ್ಲೆ. ಬಿಲ್ಲೆ ಮೊಳೆಯ ಮೇಲಿಲ್ಲದಿದ್ದರೆ ತಡೆದುಕೊಂಡು ಕೂತಿರಬೇಕು. ಎಂ.ಎ. ಮಾಡಿದವಳು ನೀರು ಕುಡಿಯುವುದನ್ನೇ ಬಿಟ್ಟಳು.

ಪ್ರತಿ ಗೂಡಿನಲ್ಲಿ ಫೋನಿನ ಮೇಲೆ ಚಿಕ್ಕ ಕೆಂಪು ದೀಪ. ಅದು ಹತ್ತಿಕೊಂಡರೆ ಒಳಗಿನ ಕೋಣೆಯಲ್ಲಿ ಸೂಪರ್‌ವೈಸರ್ ಶ್ರೀಕಾಂತ್ ಸರ್ ಕೇಳಿಸಿಕೊಳ್ಳುತ್ತಿದ್ದಾರೆ, ಕ್ಯಾಸೆಟ್ಟಿಗೆ ತುಂಬಿಸಿಕೊಳ್ಳುತ್ತಿದ್ದಾರೆ ಎಂದರ್ಥ. ಶ್ರೀಕಾಂತ್ ಸರ್ ರಾಕ್ಷಸನೇನಲ್ಲ. ಮುಂಬಯಿಯ ಹೆಡ್ಡಾಫೀಸಿನಿಂದ ಫೋನು ಬಂದರೆ ಎದ್ದು ನಿಂತು ಮಾತಾಡುವ ಮನುಷ್ಯ. ಆದರೆ ಸೋಮವಾರ ಹೊಸ ಅರ್ಜಿದಾರರು ಬಂದಾಗ ಮೆಟ್ಟಿಲ ಮೇಲಿನ ಆ ಸಾಲನ್ನು ಬಾಗಿಲು ತೆಗೆದು ಇವರಿಗೆ ತೋರಿಸುತ್ತಿದ್ದ. ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಮೊನ್ನೆ ಮೊನ್ನೆವರೆಗೆ ಅದೇ ಮೆಟ್ಟಿಲ ಮೇಲೆ ಫೈಲು ಹಿಡಿದು ನಿಂತ ಹುಡುಗಿಯರಿಗೆ ಹೇಳುವ ಅಗತ್ಯವೂ ಇರಲಿಲ್ಲ.

ನಾಲ್ಕನೆಯ ತಿಂಗಳಿಗೆ ಚಾರುವಿನ ಕೂದಲು ಉದುರತೊಡಗಿತು. ಊಟದ ಮುಂದೆ ಕೂತರೆ ಕೈ ತಾನಾಗಿ ಟೈಪು ಮಾಡುತ್ತಿತ್ತು. ಅಪ್ಪ ಧರಂಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಏನು ಮಾಡುತ್ತಾಳೆ ಎಂದು ಡಾಕ್ಟರು ಕೇಳಿದರು. ಕಂಪನಿಯಲ್ಲಿ ಕೆಲಸ ಎಂದು ಅಪ್ಪ ಹೆಮ್ಮೆಯಿಂದ ಹೇಳಿದರು. "ನೌಕರಿ ಇದೆಯಲ್ಲ, ಮತ್ತೆ ಟೆನ್ಷನ್ ಯಾತರದ್ದು? ನೌಕರಿ ಇಲ್ಲದ ಹುಡುಗರು ದಿನಕ್ಕೆ ಹತ್ತು ಜನ ಬರ್ತಾರೆ ನನ್ನ ಹತ್ರ," ಎಂದು ಮರಾಠಿಯಲ್ಲಿ ನಕ್ಕು ಟಾನಿಕ್ಕು ಬರೆದುಕೊಟ್ಟರು. ಆ ಡಾಕ್ಟರ ಕೈಗುಣದ ಬಗ್ಗೆ ಊರಲ್ಲಿ ಒಳ್ಳೆಯ ಮಾತಿದೆ. ನನಗೆ ಮಾತ್ರ ಅವರನ್ನು ಒಂದು ವಾರ ಆ ಗೂಡಿನಲ್ಲಿ ಕೂಡಿಸಬೇಕು, ಬಿಲ್ಲೆ ಕೊಡದೆ ಕೂಡಿಸಬೇಕು ಎನ್ನಿಸುತ್ತದೆ.

"ಬಿಟ್ಟಬಿಡ್ಲೇನವಾ?" ಎಂದು ಒಮ್ಮೆ ಅವ್ವನನ್ನು ಕೇಳಿದಳು.

ಪ್ರಭಾ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, "ಆರು ತಿಂಗಳ ಮುಗಸು. ಕನ್ಫರ್ಮ್ ಆದಮ್ಯಾಲೆ ಬ್ಯಾರೆ ಕಡೆ ಕೇಳ್ಲಿಕ್ಕೆ ಬರ್ತದ. ಈಗ ಬಿಟ್ರ ಯಾಕ ಬಿಟ್ಟಿ ಅಂತ ಎಲ್ಲಾರೂ ಕೇಳ್ತಾರ," ಎಂದಳು. ತಪ್ಪು ಮಾತಲ್ಲ. ಎಲ್ಲ ತಾಯಂದಿರೂ ಹೇಳುವಂಥದ್ದೇ.

ಆರು ತಿಂಗಳು ಮುಗಿಯುವ ಹೊತ್ತಿಗೆ ಪರೀಕ್ಷೆ ಇತ್ತು. ಒಂದು ದಿನ ಶ್ರೀಕಾಂತ್ ಸರ್ ಐದು ಕರೆ ಕೇಳಿಸಿಕೊಂಡು ಅಂಕ ಹಾಕುತ್ತಾರೆ. ನಿಯಮ ಮುರಿದರೆ ಅವತ್ತೇ ಕೊನೆ. ಹಿಂದಿನ ವಾರ ಇಬ್ಬರು ಹಾಗೆ ಮನೆಗೆ ಹೋಗಿದ್ದರು. ಚಾರುವಿನ ಸರದಿ ಆಗಸ್ಟ್ ತಿಂಗಳ ಒಂದು ಬುಧವಾರ ಬಂತು. ನಾಲ್ಕು ಕರೆ ಸಲೀಸಾಗಿ ಮುಗಿದವು. ಹನ್ನೊಂದೂಕಾಲಿಗೆ ಐದನೆಯದು ಬಂತು, ಕೆಂಪು ದೀಪ ಹತ್ತಿಕೊಂಡಿತು.

"ಹಲೋ, ಹಲೋ," ಎಂದಿತು ಒಬ್ಬ ಮುದುಕಿಯ ದನಿ. ಕನ್ನಡದಲ್ಲೇ ಒಂದೊಂದಾಗಿ ಅಂಕಿ ಓದಿ, "ಈ ನಂಬರಿಗೆ ಹೇಳಬೇಕಮ್ಮ. ನನ್ನ ಮಗ ಅಪ್ಪಚ್ಚು. ಬೇಗ ಮನೆಗೆ ಬಾ ಅಂತ ಹೇಳಿ. ಸೊಸೆ ಸಿಂಧೂರ ಬಿದ್ದುಬಿಟ್ಟಿದ್ದಾಳೆ, ಏಳು ತಿಂಗಳ ಬಸುರಿ, ರಕ್ತ ಹೋಗ್ತಾ ಇದೆ," ಎಂದಿತು.

"ಅಯ್ಯ ನಮ್ಮವ್ವ!" ಎಂದುಬಿಟ್ಟಳು ಚಾರು. ಬಾಯಿಂದ ತಾನಾಗಿ ಬಂದದ್ದು, ಉಸಿರಿನಷ್ಟೇ ಮೆಲ್ಲಗೆ.

ಆ ಕಡೆಯ ದನಿ ಒಮ್ಮೆಲೇ ಹಗುರಾಯಿತು. "ಕನ್ನಡದವರಾ? ಅಬ್ಬ, ದೇವರು ಕಳಿಸಿದ ಹಾಗೆ ಸಿಕ್ಕಿದ್ರಿ. ನಂಗೆ ಹಿಂದಿ ಬರೋದಿಲ್ಲಮ್ಮ, ಬಂದು ಹದಿನೈದು ದಿನ ಆಯ್ತು ಅಷ್ಟೆ. ಬೇಗ ಕಳಿಸಿ ತಾಯಿ."

ಚಾರು ಕೆಂಪು ದೀಪವನ್ನು ನೋಡಿದಳು. ಮೆಟ್ಟಿಲ ಸಾಲು ಕಣ್ಣೆದುರು ಬಂತು. ಮತ್ತೆ ಅದೇ ಕಾರ್ಡು, ಅದೇ ಮಹಾಲ್ ಗಲ್ಲಿ, ಅಪ್ಪನ ಗೆಳೆಯರು. ಅವಳ ಬಾಯಿ ಎದುರಿನ ಹಾಳೆಯ ಮೇಲಿದ್ದುದನ್ನು ಓದಿತು: "ಕೃಪಯಾ ಹಿಂದಿ, ಮರಾಠಿ ಯಾ ಅಂಗ್ರೇಜೀ ಮೇ ಬೋಲಿಯೇ."

"ಏನಮ್ಮಾ? ಈಗ ಕನ್ನಡ ಮಾತಾಡಿದ್ರಲ್ಲ?"

"ಕೃಪಯಾ ಹಿಂದಿ, ಮರಾಠಿ ಯಾ ಅಂಗ್ರೇಜೀ ಮೇ ಬೋಲಿಯೇ."

"ಯಾಕಮ್ಮ ಹೀಗೆ ಮಾಡ್ತೀರಿ..."

ಮೂರನೆಯ ಸಲವೂ ಅದನ್ನೇ ಹೇಳಿದಳು. ನಿಯಮದ ಪ್ರಕಾರ ಮೂರು ಸಲ ಹೇಳಬೇಕು, ಆಮೇಲೆ ಧನ್ಯವಾದ ಹೇಳಿ ಇಟ್ಟುಬಿಡಬೇಕು. ಧನ್ಯವಾದ ಹೇಳಿ ಇಟ್ಟಳು. ಮೂವತ್ತೆಂಟು ಸೆಕೆಂಡು ಆಗಿತ್ತು. ದೀಪ ಆರಿದ ಮೇಲೆ ಕಳಿಸಿಬಿಡೋಣ ಎಂದುಕೊಂಡಳು. ಐದು ಕರೆ ಮುಗಿದಿದ್ದರೂ ಅವತ್ತು ಸಂಜೆಯವರೆಗೆ ದೀಪ ಆರಲೇ ಇಲ್ಲ.

ಸಂಜೆ ಕನ್ಫರ್ಮೇಷನ್ ಪತ್ರ ಕೈಗೆ ಬಂತು. ನೂರಕ್ಕೆ ತೊಂಬತ್ತೊಂಬತ್ತು ಅಂಕ. ಕೆಳಗಿಳಿದು ಬೀದಿಯ ಫೋನ್ ಬೂತಿನಿಂದ ಆ ಮುದುಕಿಯ ಸುದ್ದಿಯನ್ನು ಕಳಿಸಬಹುದಿತ್ತು, ಪೇಜರ್ ನಂಬರು ಬಾಯಿಪಾಠವಾಗಿತ್ತು. ಆದರೆ ಗಂಟೆ ಆರಾಗಿತ್ತು. ಹನ್ನೊಂದೂಕಾಲಿನ ಸುದ್ದಿಯನ್ನು ಆರಕ್ಕೆ ಕಳಿಸುವುದೆಂದರೇನು ಎಂದು ಅವಳಿಗೆ ಹೊಳೆಯಲಿಲ್ಲ. ಬೂತಿನ ಮುಂದೆ ನಿಂತು ನಿಂತು ಲೂನಾ ಹತ್ತಿ ಮನೆಗೆ ಬಂದಳು.

ಅಪ್ಪ ಮತ್ತೆ ಪೇಢೆ ತಂದರು.

ಅವತ್ತಿನಿಂದ ಮನೆಯೊಳಗೆ ಇನ್ನೊಬ್ಬರು ಬಂದು ಇದ್ದ ಹಾಗಾಯಿತು. ಸ್ನಾನಕ್ಕೆ ನೀರು ಹೊಯ್ದುಕೊಳ್ಳುವಾಗ "ಯಾಕಮ್ಮ ಹೀಗೆ ಮಾಡ್ತೀರಿ" ಎಂದು ಬೆನ್ನ ಹಿಂದೆ ಕೇಳಿಸುತ್ತಿತ್ತು. ಪುಟಾಣಿ ಚಟ್ನಿ ಅರೆಯುವಾಗ ಕೇಳಿಸುತ್ತಿತ್ತು. ಸಿಟ್ಟಿನ ದನಿಯಾಗಿದ್ದರೆ ತಡೆದುಕೊಳ್ಳಬಹುದಿತ್ತು, ಅದು ಬೆರಗಿನ ದನಿ. ಸಿಗ್ನಲ್ಲಿನಲ್ಲಿ ನಿಂತ ಬಸುರಿ ಹೆಂಗಸರನ್ನು ಕಂಡರೆ ಲೂನಾ ತಿರುಗಿಸಿ ಬೇರೆ ದಾರಿ ಹಿಡಿಯುತ್ತಿದ್ದಳು. ಏನಾಗಿರಬಹುದು ಎಂದು ವಿಚಾರಿಸಲಿಲ್ಲ. ವಿಚಾರಿಸದಿರುವ ತನಕ ಏನೂ ಆಗಿಲ್ಲದಿರುವ ಸಾಧ್ಯತೆ ಉಳಿದಿತ್ತು, ಅದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಉಂಡು ಮಲಗಿದ್ದಳು. ಪ್ರಭಾ ಬಂದು ತೋಳು ಅಲ್ಲಾಡಿಸಿ, "ಚಾರೂ, ಏಳ, ಚಹಾ ಆಗ್ಯದ," ಎಂದಳು. ಚಾರು ಕಣ್ಣು ತೆರೆದು ಅವ್ವನ ಮುಖ ನೋಡಿ, ಸ್ಪಷ್ಟವಾಗಿ, ನಯವಾಗಿ, "ಕೃಪಯಾ ಹಿಂದಿ, ಮರಾಠಿ ಯಾ ಅಂಗ್ರೇಜೀ ಮೇ ಬೋಲಿಯೇ," ಎಂದಳು. ಪ್ರಭಾ ಮೊದಲು ನಕ್ಕಳು. ಮಗಳು ಅದನ್ನೇ ಇನ್ನೆರಡು ಸಲ ಹೇಳಿ ಧನ್ಯವಾದ ಹೇಳಿದಾಗ, ಅವಳು ಚಹದ ಬಸಿಯನ್ನು ನೆಲಕ್ಕಿಟ್ಟು ಬಾಗಿಲ ತನಕ ಹಿಂದೆ ಸರಿದಳು. ಅಂದಿನಿಂದ ಆ ಮನೆಯಲ್ಲಿ ತಾಯಿ ಮಗಳನ್ನು ಎಬ್ಬಿಸಲು ಹೆದರತೊಡಗಿದಳು.

ಅಷ್ಟಕ್ಕೇ ನಿಂತಿದ್ದರೆ ಕಾಲ ಕಳೆದಂತೆ ಮರೆವು ಬರುತ್ತಿತ್ತೇನೋ. ಆದರೆ ಕಂಪನಿಗೆ ಆ ಕರೆ ಬಹಳ ಇಷ್ಟವಾಗಿಬಿಟ್ಟಿತ್ತು. ಹೊಸದಾಗಿ ಸೇರಿದವರಿಗೆ ಪಾಠ ಹೇಳುವಾಗ ಶ್ರೀಕಾಂತ್ ಸರ್ ಅದೇ ಕ್ಯಾಸೆಟ್ಟು ಹಾಕತೊಡಗಿದ. ಪಾಠದ ಕೋಣೆಗೂ ಹದಿನೇಳನೆಯ ಗೂಡಿಗೂ ನಡುವೆ ಒಂದು ಪ್ಲೈವುಡ್ ಹಲಗೆ ಅಷ್ಟೆ. ಪ್ರತಿ ಸೋಮವಾರ ಹತ್ತು ಗಂಟೆಗೆ ಆ ಮುದಿ ದನಿ ಹಲಗೆಯ ಆಚೆಯಿಂದ ಅಂಕಿ ಓದಲು ಶುರು ಮಾಡುತ್ತಿತ್ತು. ಹೊಸ ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು. ಯಾವ ಭಾಷೆ ಸರ್ ಇದು ಎಂದು ಕೇಳುತ್ತಿದ್ದರು. "ಮದ್ರಾಸಿ ಆಹೆ," ಎನ್ನುತ್ತಿದ್ದ ಅವನು. ನಾಗಪುರದಲ್ಲಿ ದಕ್ಷಿಣದ ಅರ್ಧ ದೇಶಕ್ಕೆ ಅದೊಂದೇ ಹೆಸರು.

ಆಮೇಲೆ ವಿವರಿಸುತ್ತಿದ್ದ: "ನೋಡಿ, ಗಿರಾಕಿ ಎಷ್ಟು ಒತ್ತಾಯ ಮಾಡಿದರೂ ಹದಿನೇಳು ದಾರಿ ಬಿಡಲಿಲ್ಲ. ಬರೋಬರ್ ಮೂರು ಸಲ ಹೇಳಿದಳು. ಒಂದೇ ಒಂದು ತಪ್ಪು. ಶುರುವಿನಲ್ಲಿ ಏನೋ ಒಂದು ಶಬ್ದ ಮಾಡಿದ್ದಾಳೆ, ಕೇಳಿಸಿತಾ? ಅಂಥದ್ದು ಮಾಡಬಾರದು. ಅದಕ್ಕೇ ಒಂದು ಅಂಕ ಕಡಿಮೆ ಮಾಡಿದೆ."

ಆ ಮೂವತ್ತೆಂಟು ಸೆಕೆಂಡಿನಲ್ಲಿ ಅವಳು ಆಡಿದ ಮನುಷ್ಯರ ಮಾತು ಅದೊಂದೇ ಆಗಿತ್ತು.

ಏಳನೆಯ ಸಲ ಅದನ್ನು ಕೇಳಿದ ಸೋಮವಾರ ಚಾರು ಎದ್ದಳು. ಮೊಳೆಯ ಮೇಲಿನ ಬಿಲ್ಲೆ ತೆಗೆದುಕೊಂಡು ಬಚ್ಚಲಿಗೆ ಹೋಗದೆ, ಕೆಳಗಿನ ಮಹಡಿಯ ಗ್ರಾಹಕರ ಕೌಂಟರಿಗೆ ಹೋದಳು. ಅಲ್ಲಿ ಕೂತಿದ್ದ ರಾಗಿಣಿ ಅವಳ ಜೊತೆಗೇ ಕೆಲಸಕ್ಕೆ ಸೇರಿದವಳು. ಒಂದು ಪೇಜರ್ ನಂಬರು ಹೇಳಿ ವಿಳಾಸ ಕೇಳಿದಳು. ಕೊಡಬಾರದು ಎಂಬ ನಿಯಮವಿತ್ತು. ರಾಗಿಣಿ ಅವಳ ಮುಖ ನೋಡಿ, ಚೀಟಿಯಲ್ಲಿ ಬರೆದುಕೊಟ್ಟಳು. ಅಪ್ಪಚ್ಚು, ನಿವೃತ್ತ ಸುಬೇದಾರ್, ಒಂದು ಸಾಗಾಣಿಕೆ ಕಂಪನಿಯ ಸೆಕ್ಯುರಿಟಿ ಅಧಿಕಾರಿ, ಕಾಮ್ಟಿ.

ಚಾರು ಬಿಲ್ಲೆಯನ್ನು ಚೀಲದಲ್ಲಿ ಹಾಕಿಕೊಂಡೇ ಹೊರಟಳು. ಕಾಮ್ಟಿಗೆ ಲೂನಾದಲ್ಲಿ ಮುಕ್ಕಾಲು ಗಂಟೆ. ನವೆಂಬರಿನ ಚಳಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಳ್ಳುತ್ತಿದ್ದಳು, ಜೋಡಿಸಿದ ಮಾತೆಲ್ಲ ಹಿಂದಿಯಲ್ಲೇ ಬರುತ್ತಿತ್ತು. ಅವಳಿಗೆ ನಿಜವಾಗಿ ಭಯವಾದದ್ದು ಆಗ.

ಬಾಗಿಲು ತೆಗೆದದ್ದು ಎಪ್ಪತ್ತು ದಾಟಿದ ಅಜ್ಜಿ, ತಲೆಗೆ ಕೊಡಗಿನವರ ರೀತಿಯಲ್ಲಿ ವಸ್ತ್ರ ಕಟ್ಟಿಕೊಂಡಿದ್ದಳು. "ನಾನು ನಾಗಪುರದಾಗಿನ ಕನ್ನಡದಾಕೀರಿ. ನಿಮ್ಮನ್ನ ನೋಡ್ಲಿಕ್ಕೆ ಬಂದೀನಿ," ಎಂದಳು ಚಾರು.

ಅಜ್ಜಿ ಯಾರು ಏನು ಎಂದೂ ಕೇಳಲಿಲ್ಲ. ಕೈ ಹಿಡಿದು ಒಳಗೆ ಎಳೆದುಕೊಂಡಳು. "ಬಾ ಮಗಳೇ, ಬಾ. ಎಷ್ಟು ದಿನ ಆಯ್ತು ಬಾಯಿ ತುಂಬ ಮಾತಾಡಿ. ನನ್ನ ಹೆಸರು ಪೊನ್ನಮ್ಮ. ಇಲ್ಲಿ ಮಗ ಕೆಲಸಕ್ಕೆ ಹೋದ ಮೇಲೆ ಗೋಡೆ ಜೊತೆ ಮಾತಾಡೋದೇ ಆಗಿದೆ." ಊರಿಂದ ತಂದ ಪುಡಿಯಲ್ಲಿ ಕಾಫಿ ಮಾಡಿಕೊಟ್ಟಳು. ಚಾರು ಲೋಟ ಹಿಡಿದುಕೊಂಡು ಕೂತಳು. ಒಳಕೋಣೆಯ ಬಾಗಿಲು ಮುಚ್ಚಿತ್ತು.

"ಸೊಸೆ?" ಎಂದಳು ಕೊನೆಗೆ.

"ತಾಯಿ ಮನೆಗೆ ಕಳಿಸಿದ್ದೀವಿ, ವಿರಾಜಪೇಟೆಗೆ. ಸ್ವಲ್ಪ ದಿನ ಇರಲಿ ಅಂತ." ಪೊನ್ನಮ್ಮ ಕುರ್ಚಿಯ ಕೈಯನ್ನು ಸವರುತ್ತ ಹೇಳಿದಳು. "ಮಗು ಹೋಯ್ತು. ಗಂಡುಮಗು. ಬಚ್ಚಲಲ್ಲಿ ಬಿದ್ದಳು. ಮಗನಿಗೆ ಹೇಳಿಸೋಣ ಅಂತ ಆ ಫೋನಿಗೆ ಮಾಡಿದೆ, ಅವರಿಗೆ ನನ್ನ ಭಾಷೆ ಗೊತ್ತಾಗಲಿಲ್ಲ. ಬೀದಿಗೆ ಓಡಿದೆ. ಪಕ್ಕದ ಮನೆಯವರೂ ಇರಲಿಲ್ಲ ಅವತ್ತು. ಆಟೋ ಸಿಕ್ಕಿ ಆಸ್ಪತ್ರೆ ಸೇರೋವಷ್ಟರಲ್ಲಿ ಒಂದೂವರೆ ಗಂಟೆ ಕಳೆದುಹೋಗಿತ್ತು. ಅರ್ಧ ಗಂಟೆ ಮೊದಲು ಬಂದಿದ್ರೆ ಅಂದ್ರು ಡಾಕ್ಟರು."

ಚಾರು ಕಾಫಿಯನ್ನು ನೋಡುತ್ತಿದ್ದಳು.

"ಫೋನಿನ ಹುಡುಗಿ ಮೊದಲು ಕನ್ನಡದಲ್ಲಿ ಏನೋ ಅಂದಳು ಅಂತ ನಾನು ಮಗನಿಗೆ ಹೇಳ್ದೆ," ಎಂದು ಪೊನ್ನಮ್ಮ ಮುಂದುವರಿಸಿದಳು. "ಅವನು ಬೈದ. ಗಾಬರಿಯಲ್ಲಿ ನಿನಗೆ ಹಾಗೆ ಕೇಳಿಸಿರಬೇಕು ಅವ್ವ, ಕನ್ನಡದವಳಾಗಿದ್ರೆ ಹೀಗೆ ಮಾಡ್ತಾಳಾ ಅಂದ. ಅದೂ ನಿಜವೇ ಅಲ್ವಾ? ಪಾಪ, ಅದಕ್ಕೇನು ಗೊತ್ತು. ನಾನು ಸುಮ್ಮನೆ ಯಾರದೋ ಮಗಳಿಗೆ ಮೂರು ತಿಂಗಳು ಶಾಪ ಹಾಕಿದೆ."

ಎದ್ದು ಹೊರಟುಬಿಡಬಹುದಿತ್ತು. ಪಾರಾಗುವ ಬಾಗಿಲನ್ನು ಅಜ್ಜಿ ತಾನೇ ತೆಗೆದುಕೊಟ್ಟಿದ್ದಳು. ಇನ್ನೊಂದು ಸಲ ಬರುತ್ತೇನೆ ಎಂದು ಹೇಳಿ, ಬೇಕಾದರೆ ವಾರಕ್ಕೊಮ್ಮೆ ಬಂದು ಮಾತಾಡಿಸಿ, ಋಣ ತೀರಿಸಿದೆ ಎಂದುಕೊಂಡು ಬದುಕಿಬಿಡಬಹುದಿತ್ತು. ಚಾರುವಿಗೆ ಅದೂ ಹೊಳೆಯಿತು. ಹೊಳೆದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಅಕೀಗೆ ಕನ್ನಡ ಬರ್ತಿತ್ರಿ," ಎಂದಳು. "ನಾನ ಅಕಿ. ನೀವು ಹೇಳಿದ್ದೆಲ್ಲಾ ನನಗ ತಿಳದಿತ್ತು."

ಪೊನ್ನಮ್ಮನ ಕೈ ಕುರ್ಚಿಯ ಮೇಲೆ ನಿಂತಿತು. "ಮತ್ತೆ ಯಾಕಮ್ಮ?" ಎಂದಳು.

ಎಷ್ಟು ಕಾರಣಗಳಿದ್ದವು. ಕೆಂಪು ದೀಪ, ಮೆಟ್ಟಿಲ ಸಾಲು, ಬಿಲ್ಲೆ, ಎರಡೂವರೆ ವರ್ಷ, ಅಪ್ಪನ ಪೇಢೆ. ಆ ಗೂಡಿನೊಳಗೆ ಅವೆಲ್ಲ ಬೆಟ್ಟದಷ್ಟಿದ್ದವು. ಈ ಮನೆಯಲ್ಲಿ, ಆ ಮುಚ್ಚಿದ ಬಾಗಿಲ ಮುಂದೆ, ಒಂದೂ ಬಾಯಿಗೆ ಬರಲಿಲ್ಲ.

"ಅವತ್ತ ನನ್ನ ಪರೀಕ್ಷಾ ಇತ್ರಿ. ಕನ್ನಡ ಮಾತಾಡಿದ್ರ ಕೆಲಸ ಹೋಗ್ತಿತ್ತು."

ಹೊಡೆದರೆ ಹೊಡೆಸಿಕೊಳ್ಳೋಣ ಎಂದು ತಲೆ ತಗ್ಗಿಸಿ ಕೂತಳು. ಅಜ್ಜಿ ಎದ್ದಳು, ಅವಳ ಕೈಯಿಂದ ಲೋಟ ತೆಗೆದುಕೊಂಡಳು. ಕಾಫಿ ಹಾಗೇ ಇತ್ತು.

"ಉಳೀತಾ ಕೆಲಸ?"

"ಹೂಂ ರೀ. ಪರ್ಮನೆಂಟ್ ಆತು."

"ಅದಾದ್ರೂ ಉಳೀತಲ್ಲ," ಎಂದಳು ಪೊನ್ನಮ್ಮ, ಮತ್ತು ಲೋಟ ತೊಳೆಯಲು ಒಳಗೆ ಹೋದಳು.